ಮೋಷನ್ ಬಳಗದ ವಿದೇಶಯಾತ್ರೆ

ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಶನಿವಾರ ಬೆಳಿಗ್ಗೆ ಗೇಟಿನ ಸದ್ದಾದರೆ ಸಾಕು, ಒಳಗೆ ಮಲಗಿರುವ ಹಿರಿಯರು “ಮೋಷನ್‌ನೋರು ಬಂದ್ರು ಅನ್ಸುತ್ತೆ, ನೋಡು” ಎಂದು ಸೊಸೆಯನ್ನು ಕೂಗುತ್ತಾರೆ. ಹಾಗೆ ನೋಡಿದರೆ ಬಳಗಕ್ಕೆ ಘನವಾದ ಹೆಸರೊಂದಿದೆ: ಹಿರಿಯ ನಾಗರಿಕರ ಹಿತಚಿಂತನ ಸ್ವಯಂಸೇವಾ ಬಳಗ. ಅಧ್ಯಕ್ಷ ಶೀನಣ್ಣನವರು ಬಹಳ ಯೋಚಿಸಿ, ಸಂಸ್ಕೃತ ಬಲ್ಲ ಸ್ನೇಹಿತರೊಬ್ಬರನ್ನು ವಿಚಾರಿಸಿ ಇಟ್ಟ ಹೆಸರು. ಅದನ್ನು ಬ್ಯಾನರಿಗೆ ಬರೆಸಿದ್ದಷ್ಟೇ ಬಂತು. ಜನ ಮೋಷನ್ ಬಳಗ ಎಂದು ಕರೆದರು, ಅದೇ ನಿಂತಿತು.

ಓಡಾಡಲಾರದ ಹಿರಿಯರ ಮನೆಗೆ ಹೋಗಿ ಬಿ.ಪಿ., ಶುಗರ್ ನೋಡುವುದು, ಮಾತ್ರೆ ನುಂಗಿದರೋ ದಿಂಬಿನ ಕೆಳಗೆ ಬಚ್ಚಿಟ್ಟರೋ ವಿಚಾರಿಸುವುದು ಬಳಗದ ಕೆಲಸ. ಅಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದಸ್ಥರ ಬಳಗವಾಗಿಯೇ ಉಳಿಯುತ್ತಿತ್ತು. ಅದರ ಮರ್ಯಾದೆ ತೆಗೆದದ್ದು ಆಂಡಾಳ್. ಮಲ್ಲೇಶ್ವರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ದನಿ ಇನ್ನೂ ಕೊನೆಯ ಬೆಂಚಿಗೆ ಮುಟ್ಟುವಷ್ಟು ದೊಡ್ಡದು. ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ಕೇಳುವ ಮೊದಲ ಪ್ರಶ್ನೆ, “ಮೋಷನ್ ಆಯ್ತಾ?” ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೇಸರಿಬಾತು ತಿನ್ನುತ್ತಿದ್ದರೂ ಆ ಪ್ರಶ್ನೆ ತಪ್ಪುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಮೋಷನ್ ಎಂದರೆ ಒಂದೇ ಅರ್ಥ. ಮಲ ಎನ್ನಲು ಬಾಯಿ ಬಾರದ, ಕಕ್ಕಸು ಎನ್ನಲು ಮುಖ ಕಿವುಚುವ ನಮ್ಮ ಜನ ಇಂಗ್ಲಿಷಿನಿಂದ ಒಂದು ಪದ ತಂದು ಈ ಕೆಲಸಕ್ಕೇ ಮೀಸಲಿಟ್ಟುಕೊಂಡಿದ್ದಾರೆ. ಆಂಡಾಳ್ ನ್ಯೂಟನ್ನನ ‘ಲಾಸ್ ಆಫ್ ಮೋಷನ್’ ಪಾಠ ಮಾಡುವಾಗ ಪ್ರತಿ ವರ್ಷವೂ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು ಏಳುತ್ತಿತ್ತು, ಪ್ರತಿ ವರ್ಷವೂ ಅವಳು ಆ ಬೆಂಚನ್ನು ಇಡಿಯಾಗಿ ಹೊರಗೆ ನಿಲ್ಲಿಸುತ್ತಿದ್ದಳು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಂಡಾಳಿಗೆ ಬೇಕಾದ ಹೊತ್ತಿನಲ್ಲಿ ನೆನಪಾಗಲಿಲ್ಲ.

ಕೇಳುವುದು ಸುಲಭ, ಬಂದ ಉತ್ತರವನ್ನು ನಂಬದಿರುವುದು ಕಷ್ಟ ಎಂದು ಅವಳು ಹೊಸ ಸ್ವಯಂಸೇವಕರಿಗೆ ಹೇಳುತ್ತಿದ್ದಳು. ನಮ್ಮಲ್ಲಿ “ಆಯ್ತಾ?” ಅಂದರೆ “ಆಯ್ತು” ಅನ್ನುವುದು ಬರಿಯ ಸೌಜನ್ಯ. ತಿಂಡಿ ಆಯ್ತಾ ಅಂದರೆ ಹೊಟ್ಟೆ ಚುರುಗುಟ್ಟುತ್ತಿದ್ದರೂ ಆಯ್ತು. ಕಾಫಿ ಆಯ್ತಾ ಅಂದರೆ ಮನೆಯಲ್ಲಿ ಹಾಲು ಒಡೆದು ಕೂತಿದ್ದರೂ ಆಯ್ತು. ಅದೇ ರೂಢಿಯಲ್ಲಿ ಮೋಷನ್ನೂ ಆಯ್ತು. ಅದಕ್ಕೆಂದೇ ಅವಳ ಬಳಿ ಎರಡನೇ ಪ್ರಶ್ನೆಯೊಂದಿತ್ತು: “ಯಾವತ್ತು ಆಗಿದ್ದು?” ಇದಕ್ಕೆ ಆಯ್ತು ಎಂದು ಜಾರಿಕೊಳ್ಳಲು ವ್ಯಾಕರಣ ಬಿಡುವುದಿಲ್ಲ. ಹಿರಿಯರು ಸೂರು ನೋಡುತ್ತಾರೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ, ಕೊನೆಗೆ “ಏಕಾದಶಿಗೆ ಮುಂಚೆ ಇರ್ಬೇಕಮ್ಮ” ಎನ್ನುತ್ತಾರೆ. ಅಲ್ಲಿಂದ ಬಿಸಿನೀರು, ಬಾಳೆಹಣ್ಣು, ಇಸಬ್‌ಗೋಲು ಶುರುವಾಗುತ್ತದೆ.

ಈ ಎರಡನೇ ಪ್ರಶ್ನೆಯನ್ನು ಆಂಡಾಳ್ ಕಲಿತದ್ದು ತಡವಾಗಿ. ಅವಳ ತಾಯಿ ಕೊನೆಗಾಲಕ್ಕೆ ಮಗಳ ಮನೆಯಲ್ಲೇ ಇದ್ದರು. ನಡುಮನೆಗೆ ಅಂಟಿಕೊಂಡ ಒಂದೇ ಟಾಯ್ಲೆಟ್ಟು, ಅದರೆದುರಿಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುವ ಅಳಿಯ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ಆಂಡಾಳ್ “ಆಯ್ತಾಮ್ಮ?” ಎನ್ನುವಳು, ತಾಯಿ “ಆಯ್ತು” ಎನ್ನುವರು. ಕರುಳು ಕಟ್ಟಿ, ಹೊಟ್ಟೆ ಊದಿ ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರು ವಿಚಾರಿಸಿದರೆ, “ದಿನಾ ಆಗ್ತಿದೆ ಡಾಕ್ಟ್ರೇ” ಎಂದು ಆಂಡಾಳೇ ಗಟ್ಟಿಯಾಗಿ ಹೇಳಿದಳು. ತಾಯಿ ಮನೆಗೆ ಮರಳಲಿಲ್ಲ. ಸಾವಿನ ದುಃಖ ಅತ್ತು ಕರಗಿತು, ಆದರೆ ಒಂದು ಮಾತು ಒಳಗೆ ಹಾಗೇ ಉಳಿಯಿತು. ಅಳಿಯನ ಮುಂದೆ ನಾಚಿಕೆ ಸರಿ, ಹೆತ್ತ ಮಗಳ ಹತ್ತಿರವೂ ಅಮ್ಮ ಯಾಕೆ ಸುಳ್ಳು ಹೇಳಿದಳು? ನಾನು ಅಷ್ಟು ಹೊರಗಿನವಳಾಗಿದ್ದೆನೇ? ಉತ್ತರ ಹೇಳಬೇಕಾದವರು ಇರಲಿಲ್ಲ. ಹಾಗಾಗಿ ಆಂಡಾಳ್ ಊರಿನ ಅಜ್ಜ ಅಜ್ಜಿಯರನ್ನೆಲ್ಲ ಕೇಳಿಕೊಂಡು ತಿರುಗುತ್ತಿದ್ದಳು.

ಇಂಥ ಬಳಗಕ್ಕೆ ವಿದೇಶದ ಯೋಗ ತಂದವನು ಕಾರ್ಯದರ್ಶಿ ಕೇದಾರ್. ಬಸವನಗುಡಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವ ಚಟವಿರುವ ಮನುಷ್ಯ. ಒಂದು ದಿನ ಹೆಲ್ಮೆಟ್ಟು ಕೂಡ ತೆಗೆಯದೆ ಆಂಡಾಳ್ ಮನೆಗೆ ನುಗ್ಗಿ, ನೆದರ್ಲೆಂಡ್ಸಿನಲ್ಲಿ ಹಿರಿಯರ ಆರೋಗ್ಯದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನವಿದೆ, ಈ ಸಲದ ವಿಷಯ ‘ಡೈಲಿ ಮೋಷನ್, ಹ್ಯಾಪಿ ಏಜಿಂಗ್’ ಎಂದು ಮೊಬೈಲು ತೋರಿಸಿದ. ಆಂಡಾಳ್ ಕುರ್ಚಿ ಎಳೆದುಕೊಂಡು ಕೂತಳು. ಇಡೀ ಚಾಮರಾಜಪೇಟೆ ಮೂಗು ಮುಚ್ಚಿಕೊಳ್ಳುವ ವಿಷಯಕ್ಕೆ ಅಲ್ಲೆಲ್ಲೋ ವಿದ್ವಾಂಸರು ಸಭೆ ಸೇರುತ್ತಿದ್ದಾರೆ. ಅಮ್ಮನ ಕಥೆಯನ್ನು ನಗದೆ ಕೇಳುವ ಜನ ಭೂಮಿಯ ಮೇಲೆ ಇದ್ದಾರೆ. ಅವಳ ಕಣ್ಣು ತುಂಬಿ ಬಂತು.

ಕೇದಾರ್ ಅರ್ಜಿ ಬರೆದು ಕಳಿಸಿದ. ನಮ್ಮ ಬಡಾವಣೆಯಲ್ಲಿ ವಾರಗಟ್ಟಲೆ ಮೋಷನ್ ಇಲ್ಲದೆ ನರಳುತ್ತಿದ್ದ ಹಿರಿಯರಿಗೆ ಈಗ ದಿನಾ ಬೆಳಿಗ್ಗೆ ಸರಾಗವಾದ, ನೋವಿಲ್ಲದ ಮೋಷನ್ ಇದೆ. ಇದಕ್ಕೆ ನಾವು ಮಾಡಿದ್ದು ಮನೆಗೆ ಹೋಗಿ ಕೇಳಿದ್ದು ಮಾತ್ರ, ಎಂದು ಅದರ ಸಾರ. ಅಲ್ಲಿಂದ ಬಹಳ ಸಂತೋಷದ ಉತ್ತರ ಬಂತು. ಇಷ್ಟು ಸರಳ ಉಪಾಯ ತಮಗೆ ಹೊಳೆದೇ ಇರಲಿಲ್ಲ, ಆದರೆ ಏನಾದರೂ ಉಪಕರಣ ಬಳಸುತ್ತೀರಾ ಎಂದು ಕೇಳಿದ್ದರು. ಬಿಸಿನೀರು, ಬಾಳೆಹಣ್ಣು ಸಾಕು, ತೀರಾ ಹಟದ ಕೇಸಾದರೆ ನರ್ಸ್ ಬಂದು ಕೈಯಿಂದ ಸಹಾಯ ಮಾಡುತ್ತಾರೆ ಎಂದು ಕೇದಾರ್ ಬರೆದ. ಅವರು ಇನ್ನೂ ಸಂತೋಷಪಟ್ಟು ಆಹ್ವಾನ ಕಳಿಸಿದರು. ಭಾಷಣ ಆಂಡಾಳ್ ಮಾಡಬೇಕೆಂದು ಬಳಗ ಒಮ್ಮತದಿಂದ ತೀರ್ಮಾನಿಸಿತು.

ಹೊರಟವರು ನಾಲ್ವರು. ಆಂಡಾಳ್, ಕೇದಾರ್, ಅಧ್ಯಕ್ಷರೆಂಬ ಕಾರಣಕ್ಕೆ ಶೀನಣ್ಣ, ಮತ್ತು ಯಾರು ಬೇಡವೆಂದರೂ ಬಿಡದೆ ಸ್ವಂತ ಖರ್ಚಿನಲ್ಲಿ ಚಿಕ್ಕಮುನಿಯಮ್ಮ. ಈಕೆಯ ಹಿರಿಯರ ಹೊಲದ ಮೇಲೆ ಈಗ ಲೇಔಟಿದೆ, ಶೇಷಾದ್ರಿಪುರದಲ್ಲಿ ಸಾಲಾಗಿ ಬಾಡಿಗೆ ಮನೆಗಳಿವೆ, ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಹೇಳುವ ಸ್ವಾತಂತ್ರ್ಯವೂ ಇದೆ. ರಾಗಿ ಹುರಿಹಿಟ್ಟು, ಹರಳೆಣ್ಣೆ ಬಾಟಲಿ, ಅವುಗಳ ಮಧ್ಯೆ ಒಂದು ನೀಲಿ ಪ್ಲಾಸ್ಟಿಕ್ ಮಗ್ಗು ಅವರ ಸೂಟ್‌ಕೇಸಿನಲ್ಲಿದ್ದವು. ಅಲ್ಲಿ ಟಾಯ್ಲೆಟ್ಟಿನಲ್ಲಿ ನೀರಿಡುವುದಿಲ್ಲ, ಬರೀ ಕಾಗದ ಇಡುತ್ತಾರೆ ಎಂದು ಅಳಿಯ ಹೇಳಿದ್ದನಂತೆ. ಕೇದಾರ್ ನಕ್ಕ. ಚಿಕ್ಕಮುನಿಯಮ್ಮ ಅವನನ್ನು ಒಮ್ಮೆ ನೋಡಿ, ನಗು, ಆಮೇಲೆ ನನ್ನ ರೂಮಿನ ಬಾಗಿಲು ತಟ್ಟುತ್ತೀಯ ಎಂದರು.

ಶೀನಣ್ಣ ನಿವೃತ್ತ ಬ್ಯಾಂಕ್ ಮ್ಯಾನೇಜರು. ಬಳಗದಲ್ಲಿ ಅವರು ಬಿ.ಪಿ. ಮಾತ್ರ ನೋಡುವವರು. ಮೋಷನ್ ಎಂಬ ಪದ ಅವರ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ತೋಳಿಗೆ ಕಟ್ಟಿದ ಪಟ್ಟಿ ಬಿಚ್ಚುತ್ತ, ಉಳಿದದ್ದನ್ನು ಆಂಡಾಳ್ ಅವರು ವಿಚಾರಿಸುತ್ತಾರೆ ಎಂದು ಕಿಟಕಿಯ ಕಡೆ ತಿರುಗುತ್ತಿದ್ದರು. ವಿದೇಶದಲ್ಲಾದರೂ ಬಳಗದ ಘನತೆ ಉಳಿಯಲಿ ಎಂದು ಹಳೆಯ ಸೂಟನ್ನು ಬಿಚ್ಚಿಸಿ ಅಗಲ ಮಾಡಿಸಿಕೊಂಡಿದ್ದರು. ಸಮ್ಮೇಳನದ ಅಧ್ಯಕ್ಷರಿಗೆ ತೊಡಿಸಲು ಒಂದು ಮೈಸೂರು ಪೇಟವನ್ನೂ ಮಡಿಲಲ್ಲಿಟ್ಟುಕೊಂಡೇ ವಿಮಾನದಲ್ಲಿ ಕೂತಿದ್ದರು.

ಗ್ರೋನಿಂಗನ್ ಎಂದು ಬರೆದು, ಗಂಟಲು ಕೆರೆದುಕೊಂಡು ಖ್ರೋನಿಂಗನ್ ಎನ್ನಬೇಕಾದ ಊರು ಅದು. ಸಮ್ಮೇಳನಕ್ಕೆ ಇನ್ನೂ ಎರಡು ಮೂರು ದಿನ ಇರುವಾಗಲೇ ಹೋಗಿ ಇಳಿದರು. ಕಾಲುವೆ, ಸೈಕಲ್ಲು, ತಣ್ಣನೆಯ ಗಾಳಿ ಎಲ್ಲ ಚೆನ್ನಾಗಿತ್ತು. ಊಟ ಮಾತ್ರ ಬೆಳಿಗ್ಗೆ ಬ್ರೆಡ್ಡು ಚೀಸು, ಮಧ್ಯಾಹ್ನ ಚೀಸು ಬ್ರೆಡ್ಡು. ಮಧ್ಯಾಹ್ನದ ಊಟಕ್ಕೆ ಒಂದು ಲೋಟ ತಣ್ಣನೆಯ ಹಾಲು ಕೊಟ್ಟಾಗ, ಇವರಿಗೆ ಜ್ವರ ಬಂದಾಗ ಏನು ಕೊಡುತ್ತಾರೋ ಎಂದು ಚಿಕ್ಕಮುನಿಯಮ್ಮ ಮರುಗಿದರು. ಟಾಯ್ಲೆಟ್ಟಿನಲ್ಲಿ ಅವರ ಅಳಿಯ ಹೇಳಿದಂತೆ ಕಾಗದವೇ ಇತ್ತು. ಮೊದಲ ದಿನವೇ ಕೇದಾರ್ ಬಾಗಿಲು ತಟ್ಟಿ ಮಗ್ಗು ಇಸ್ಕೊಂಡು ಹೋದ. ನಾಚಿಕೆ ಬೇಡ, ಬೇಕಾದರೆ ತೆಗೆದುಕೊಳ್ಳಿ ಎಂದು ಶೀನಣ್ಣನವರಿಗೂ ಚಿಕ್ಕಮುನಿಯಮ್ಮ ಕಾರಿಡಾರಿನಲ್ಲೇ ಮಗ್ಗು ಹಿಡಿದು ತೋರಿಸಿದರು. ಶೀನಣ್ಣ ಅತ್ತಿತ್ತ ನೋಡಿ, ಬೇಡಮ್ಮ, ನಡೆಯುತ್ತೆ ಎಂದು ರೂಮಿನ ಬಾಗಿಲು ಹಾಕಿಕೊಂಡರು.

ಸಮ್ಮೇಳನದ ದಿನ ಮೊದಲ ಭಾಷಣಕಾರ ವೇದಿಕೆಯ ಮೇಲೆ ಟ್ರೆಡ್‌ಮಿಲ್ ಯಂತ್ರವೊಂದನ್ನು ಹತ್ತಿ, ನಡೆಯುತ್ತ ನಡೆಯುತ್ತಲೇ ಮಾತಾಡಿದ. ಎರಡನೆಯವಳು ಸಭೆಯನ್ನೆಲ್ಲ ಎಬ್ಬಿಸಿ ಕೈ ಮೇಲೆತ್ತಿಸಿ ಸೊಂಟ ತಿರುಗಿಸಿದಳು. ಮೂರನೆಯವನು ಮುದುಕಿಯರು ಕುಣಿಯುವ ಚಿತ್ರ ತೋರಿಸಿದ. ವ್ಯಾಯಾಮದಿಂದ ಕರುಳಿಗೂ ಒಳ್ಳೆಯದಲ್ಲವೇ, ಪೀಠಿಕೆ ಸ್ವಲ್ಪ ಉದ್ದವಾಯಿತು ಅಷ್ಟೆ, ಮಧ್ಯಾಹ್ನದ ಮೇಲೆ ವಿಷಯಕ್ಕೆ ಬರಬಹುದು ಎಂದು ಆಂಡಾಳ್ ತಾಳ್ಮೆಯಿಂದ ಕಾದಳು.

ವಿಷಯಕ್ಕೆ ಬಂದದ್ದು ಕಾಫಿ ವಿರಾಮದಲ್ಲಿ. ಉದ್ದನೆಯ ಸಂಶೋಧಕಿ ಹುಡುಗಿಯೊಬ್ಬಳು ಇವರನ್ನು ಹುಡುಕಿಕೊಂಡು ಬಂದು, ನಿಮ್ಮ ಪ್ರಕಾರ ದಿನಕ್ಕೆ ಎಷ್ಟು ನಿಮಿಷ ಮೋಷನ್ ಬೇಕು ಎಂದು ಕೇಳಿದಳು. ಕೇದಾರ್ ಕನ್ನಡಕ್ಕೆ ತಿರುಗಿಸಿದ. ಚಿಕ್ಕಮುನಿಯಮ್ಮ, ಹತ್ತು ನಿಮಿಷ ಧಾರಾಳವಾಯಿತು, ಅದಕ್ಕಿಂತ ಹೆಚ್ಚು ಕೂರಲೇಬಾರದು, ಕೂತರೆ ಕಾಯಿಲೆ ಎಂದರು. ಕೇದಾರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಹುಡುಗಿಯ ಮುಖ ಅರಳಿತು. ಹೌದು, ಕೂರುವುದೇ ಈ ಕಾಲದ ದೊಡ್ಡ ಕಾಯಿಲೆ ಎಂದು ತಲೆದೂಗಿ, ಒಬ್ಬೊಬ್ಬರೇ ಮಾಡುವುದಕ್ಕಿಂತ ಪಾರ್ಕಿನಲ್ಲಿ ಗುಂಪಾಗಿ, ಸಂಗೀತ ಹಾಕಿಕೊಂಡು ಮಾಡಿದರೆ ಹಿರಿಯರಿಗೆ ಇನ್ನೂ ಖುಷಿಯಲ್ಲವೇ ಎಂದಳು.

“ಪಾರ್ಕಲ್ಲಾ?” ಚಿಕ್ಕಮುನಿಯಮ್ಮ ಕಾಫಿ ಕೆಳಗಿಟ್ಟರು. “ನಾವು ಚಿಕ್ಕೋರಿದ್ದಾಗ ಹೆಂಗಸ್ರು ಗುಂಪಾಗೇ ಬಯಲಿಗೆ ಹೋಗ್ತಿದ್ವಪ್ಪ. ಆದ್ರೆ ಹಾಡು ಗೀಡು ಹಾಕ್ತಿರ್ಲಿಲ್ಲ. ಈ ದೇಶದಲ್ಲಿ ಇನ್ನೂ ಹಂಗೇ ಐತಾ, ಪಾಪ?”

ಕೇದಾರ್ ಇದನ್ನು ತಿರುಗಿಸಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. ಆಂಡಾಳ್ ಗೋಡೆಯ ಮೇಲಿನ ಪೋಸ್ಟರುಗಳನ್ನು ಒಂದೊಂದಾಗಿ ನೋಡಿದಳು: ನಡಿಗೆ, ಓಟ, ಕುಣಿತ, ಈಜು. ಅವುಗಳ ಮಧ್ಯೆ ಅವರ ಬಳಗದ ಪೋಸ್ಟರು, ಅದಕ್ಕೆ ಸಂಘಟಕರು ಪ್ರೀತಿಯಿಂದ ಸೇರಿಸಿದ್ದ ಚಿತ್ರ, ಕೋಲು ಹಿಡಿದು ಹೆಜ್ಜೆ ಹಾಕುತ್ತಿರುವ ಒಬ್ಬ ಅಜ್ಜಿ. ಮೋಷನ್ ಎಂದರೆ ಚಲನೆ. ನ್ಯೂಟನ್ನನ ಮೋಷನ್. ಬದುಕಿಡೀ ಅದನ್ನೇ ಪಾಠ ಮಾಡಿ, ನಕ್ಕವರನ್ನು ಹೊರಗೆ ನಿಲ್ಲಿಸಿದ ವಿಜ್ಞಾನದ ಮೇಡಂ ಅವಳು. ಹಿಂದಿನ ಬೆಂಚಿನ ಹುಡುಗಿಯರೆಲ್ಲ ಈಗ ನೋಡಬೇಕಿತ್ತು.

ಕೋಟು ತೂಗುಹಾಕುವ ಮೂಲೆಯಲ್ಲಿ ತುರ್ತುಸಭೆ ಸೇರಿತು. ಕೇದಾರ್ ಅಳುವುದೊಂದು ಬಾಕಿ. ಶೀನಣ್ಣ ಮಾತ್ರ ಅಧ್ಯಕ್ಷರ ಗತ್ತಿನಲ್ಲಿ ನಿರ್ಧಾರ ಕೊಟ್ಟರು. ನಾವೂ ನಡಿಗೆಯ ಬಗ್ಗೆ ಹೇಳಿಬಿಡೋಣ, ನಮ್ಮಲ್ಲೂ ಹಿರಿಯರು ಲಾಲ್‌ಬಾಗಿನಲ್ಲಿ ನಡೆಯುತ್ತಾರೆ, ಇಷ್ಟು ದೊಡ್ಡವರ ಮುಂದೆ ಅದನ್ನೆಲ್ಲ ಮಾತಾಡಿದರೆ ದೇಶದ ಮಾನ ಹೋಗುತ್ತದೆ ಎಂದರು. ಕೇದಾರ್ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ಬದಲಾಯಿಸತೊಡಗಿದ. ಬಾಳೆಹಣ್ಣು ಹೋಯಿತು, ಎರಡನೇ ಪ್ರಶ್ನೆ ಹೋಯಿತು, ಕೊನೆಯಲ್ಲಿದ್ದ ಅಮ್ಮನ ಫೋಟೋ ಹೋಯಿತು. ಅದರ ಜಾಗಕ್ಕೆ ಮಂಕಿ ಕ್ಯಾಪ್ ಹಾಕಿಕೊಂಡು ಲಾಲ್‌ಬಾಗಿನಲ್ಲಿ ನಡೆಯುತ್ತಿದ್ದ ಶೀನಣ್ಣ ಬಂದರು.

ಆಂಡಾಳಿಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ಮಾತ್ರ ಗೊತ್ತಾಗಲಿಲ್ಲ. ತಪ್ಪು ತಮ್ಮದೇ, ಕರೆದವರು ಏನು ಮಾಡಿಯಾರು. ಆದರೂ ಬಾಯಿ ಬಿಟ್ಟು ಹೇಳಲಾರದೆ ಸತ್ತ ಅಮ್ಮನನ್ನು ಇಷ್ಟು ದೂರ ಕರೆತಂದು ಮತ್ತೆ ಬಾಯಿ ಮುಚ್ಚಿಸಿದ ಹಾಗಾಯಿತು.

ಆಗ ಅವಳ ಕಣ್ಣಿಗೆ ಶೀನಣ್ಣ ಬಿದ್ದರು. ಬೆಳಿಗ್ಗೆ ತಿಂಡಿ ಮುಟ್ಟಿರಲಿಲ್ಲ. ಅಗಲ ಮಾಡಿಸಿದ ಸೂಟಿನ ಗುಂಡಿಯನ್ನೂ ಬಿಚ್ಚಿದ್ದರು. ಕುರ್ಚಿ ಕೊಟ್ಟರೂ ಕೂರದೆ, ಒಂದು ಕೈಯನ್ನು ಕೋಟಿನೊಳಗೆ ಇಟ್ಟುಕೊಂಡು ನಿಂತಿದ್ದರು. ಆಂಡಾಳ್ ಹತ್ತಿರ ಹೋಗಿ, ಬಳಗ ಶುರುವಾದಾಗಿನಿಂದ ಯಾರೂ ಅವರನ್ನು ಕೇಳದಿದ್ದ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳಿದಳು.

“ಆಯ್ತು, ಆಯ್ತು,” ಎಂದು ಶೀನಣ್ಣ ಕಿಟಕಿಯ ಕಡೆ ತಿರುಗಿದರು.

ಅಷ್ಟರಲ್ಲಿ ವೇದಿಕೆಯಿಂದ ಅವಳ ಹೆಸರು ಕರೆದರು. ಎರಡನೇ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಉಳಿಯಿತು. ಉಳಿದವರನ್ನು ಕೇಳಿದ ಹಾಗೆ ಅಧ್ಯಕ್ಷರನ್ನು ಕೇಳುವುದಕ್ಕೆ ಸಂಕೋಚವಾಯಿತು ಎಂಬುದೂ ನಿಜ.

ವೇದಿಕೆಯ ಮೇಲೆ ಆಂಡಾಳ್, ಬೆಂಗಳೂರಿನ ಹಿರಿಯರು ಬೆಳಿಗ್ಗೆ ಎದ್ದು ಹೇಗೆ ನಡೆಯುತ್ತಾರೆ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಪರದೆಯ ಮೇಲೆ ಮಂಕಿ ಕ್ಯಾಪಿನ ಶೀನಣ್ಣ ಉತ್ಸಾಹದಿಂದ ನಡೆಯುತ್ತಿದ್ದರು. ಮೊದಲ ಸಾಲಿನ ಕುರ್ಚಿಯಲ್ಲಿ ನಿಜವಾದ ಶೀನಣ್ಣ ಪೇಟದ ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದರು. ಆ ಚಳಿಯಲ್ಲೂ ಹಣೆಯಲ್ಲಿ ಬೆವರು ಹೊಳೆಯುತ್ತಿತ್ತು. ಆಂಡಾಳಿಗೆ ತಾನು ಓದುತ್ತಿದ್ದದ್ದು ತನಗೇ ಕೇಳಿಸಲಿಲ್ಲ. ಕಿವಿಯಲ್ಲಿ ಇದ್ದದ್ದು ಆಗಿನ ಆ “ಆಯ್ತು”. ಪ್ರಶ್ನೆ ಮುಗಿಯುವ ಮುಂಚೆಯೇ ಬಂದುಬಿಡುವ, ಮುಖ ಬೇರೆ ಕಡೆ ತಿರುಗಿಸಿ ಹೇಳುವ ಆಯ್ತು. ಅದೇ ರಾಗ, ಅದೇ ಅವಸರ. ಆ ರಾಗವನ್ನು ಅವಳು ಒಮ್ಮೆ ನಂಬಿ ಶಾಲೆಗೆ ಹೊರಟುಹೋಗಿದ್ದಳು.

ಅವಳು ಓದುವುದನ್ನು ನಿಲ್ಲಿಸಿ ಮೈಕಿನ ಹತ್ತಿರ ಬಾಗಿದಳು.

“ಶೀನಣ್ಣ, ಯಾವತ್ತು ಆಗಿದ್ದು?”

ತುಂಬಿದ ಸಭೆ ತಲೆಯೆತ್ತಿತು. ಇದೇನೋ ಪ್ರಾತ್ಯಕ್ಷಿಕೆ ಇರಬೇಕೆಂದು ಸಂಘಟಕರ ಕಡೆಯವಳೊಬ್ಬಳು ಓಡಿಹೋಗಿ ಶೀನಣ್ಣನವರ ಕೈಗೆ ಇನ್ನೊಂದು ಮೈಕು ಕೊಟ್ಟಳು. ಶೀನಣ್ಣ ಮೈಕು ನೋಡಿದರು, ಹಿಂದಿನ ಸಾಲುಗಳನ್ನು ನೋಡಿದರು. ಅಲ್ಲಿ ಕನ್ನಡ ಬಲ್ಲವರು ಬಳಗದವರನ್ನು ಬಿಟ್ಟರೆ ಒಬ್ಬರೂ ಇಲ್ಲ ಎಂಬುದು ಅವರಿಗೆ ಆಗ ಹೊಳೆಯಿತೋ, ಅಥವಾ ತಡೆದುಕೊಳ್ಳುವ ಶಕ್ತಿ ಮುಗಿಯಿತೋ. ಧ್ವನಿವರ್ಧಕದಲ್ಲಿ ಅವರ ದನಿ ನಡುಗುತ್ತ ಬಂತು.

“ಬೆಂಗ್ಳೂರಲ್ಲಿ ಆಗಿದ್ದೇ ಕೊನೆ, ಆಂಡಾಳ್ ಅವ್ರೇ. ಇಲ್ಲಿ ನೀರಿಲ್ಲ, ಬರೀ ಪೇಪರ್ರು. ನನ್ ಕೈಲಿ ಆಗ್ತಿಲ್ಲ.”

ಮಗ್ಗು ಕೊಡ್ತೀನಿ ಅಂದಿದ್ನಲ್ಲ ಎಂದು ಚಿಕ್ಕಮುನಿಯಮ್ಮ ಮೈಕಿಲ್ಲದೆಯೇ ಸಭೆಗೆಲ್ಲ ಕೇಳುವ ಹಾಗೆ ಗದರಿದರು. ಜನ ಚಪ್ಪಾಳೆ ತಟ್ಟಿದರು. ಯಾಕೆಂದು ಅವರಿಗೇ ಗೊತ್ತಿರಲಿಲ್ಲ.

ಚಪ್ಪಾಳೆ ನಿಲ್ಲುವವರೆಗೆ ಕಾದು ಆಂಡಾಳ್ ಸಭೆಗೆ ನಿಜ ಹೇಳಿದಳು. ನಮ್ಮ ಊರಿನಲ್ಲಿ ಮೋಷನ್ ಎಂದರೆ ಏನರ್ಥ, ನಾವು ಇಲ್ಲಿಗೆ ಏನೆಂದುಕೊಂಡು ಬಂದೆವು, ಈಗಷ್ಟೇ ನಾನು ಏನು ಕೇಳಿದೆ, ಅವರು ಏನು ಹೇಳಿದರು. ಮೊದಲು ಒಂದು ಮೂಲೆಯಲ್ಲಿ ನಗು ಎದ್ದಿತು, ಆಮೇಲೆ ಸಭೆಯೇ ಹೊಟ್ಟೆ ಹಿಡಿದುಕೊಂಡಿತು. ಅವಳು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ನಕ್ಕು ಮುಗಿಸಲಿ ಎಂದು ಬಿಟ್ಟು, ಆಮೇಲೆ ಅಮ್ಮನ ಕಥೆ ಹೇಳಿದಳು. ಆಗ ಯಾರೂ ನಗಲಿಲ್ಲ. ಉಳಿದದ್ದನ್ನು ಕೇದಾರ್ ಹೇಳುತ್ತಾನೆ, ನನಗೆ ಕೆಲಸವಿದೆ ಎಂದು ಅರ್ಧಕ್ಕೇ ವೇದಿಕೆಯಿಂದ ಇಳಿದು ಶೀನಣ್ಣನವರ ತೋಳು ಹಿಡಿದಳು.

ವಾಂತಿ ಇಲ್ಲ, ಜ್ವರವಿಲ್ಲ, ಹೊಟ್ಟೆ ಕಲ್ಲಾಗಿಲ್ಲ, ಗಾಳಿ ಹೋಗುತ್ತಿದೆ ಎಂಬುದನ್ನೆಲ್ಲ ಹೋಟೆಲಿನ ದಾರಿಯಲ್ಲೇ ಕೇಳಿ ಖಚಿತ ಮಾಡಿಕೊಂಡ ಮೇಲೆ ಆಂಡಾಳಿಗೆ ಉಸಿರು ಬಂತು. ಬಿಸಿನೀರು ಕಾಸಿದರು, ತಿಂಡಿಯ ಮೇಜಿನಿಂದ ಒಣಗಿದ ಪ್ಲಮ್ ಹಣ್ಣು ತಂದರು, ಚಿಕ್ಕಮುನಿಯಮ್ಮ ಹರಳೆಣ್ಣೆ ಅಳೆದು ಕೊಟ್ಟರು. ಎಲ್ಲಕ್ಕಿಂತ ಮುಖ್ಯವಾಗಿ ನೀಲಿ ಮಗ್ಗನ್ನು ಎರಡೂ ಕೈಯಲ್ಲಿ ಅಧ್ಯಕ್ಷರಿಗೆ ಹಸ್ತಾಂತರಿಸಿದರು. ಸಂಜೆಯ ಹೊತ್ತಿಗೆ ರೂಮಿನೊಳಗಿಂದ ನೀರು ಬಿಟ್ಟ ಸದ್ದು ಕೇಳಿತು. ಕಾರಿಡಾರಿನಲ್ಲಿ ಕಾದು ನಿಂತಿದ್ದ ಚಿಕ್ಕಮುನಿಯಮ್ಮ ಆ ದಿಕ್ಕಿಗೆ ಕೈ ಮುಗಿದರು.

ಮರುದಿನ ಆ ಉದ್ದನೆಯ ಹುಡುಗಿ ಹೋಟೆಲಿಗೇ ಬಂದಳು. ಅವಳ ಅಜ್ಜಿ ವೃದ್ಧಾಶ್ರಮದಲ್ಲಿದ್ದಾಳಂತೆ, ಫೋನಿನಲ್ಲಿ ಏನು ಕೇಳಿದರೂ ಎಲ್ಲ ಚೆನ್ನಾಗಿದೆ ಎನ್ನುತ್ತಾಳಂತೆ. ಎರಡನೇ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಕೊಡಿ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಆಂಡಾಳ್ ಹೇಳಿಕೊಟ್ಟಳು. ಪೇಟವನ್ನು ಸಮ್ಮೇಳನದ ಅಧ್ಯಕ್ಷರಿಗೆ ತೊಡಿಸುವುದು ಎಲ್ಲರಿಗೂ ಮರೆತುಹೋಗಿತ್ತು. ಅದನ್ನು ಈ ಹುಡುಗಿಯ ತಲೆಗೇ ಇಟ್ಟು ಕಳಿಸಿದರು.

ಬೆಂಗಳೂರಿಗೆ ಮರಳಿದ ಮೇಲಿನ ಮೊದಲ ಶನಿವಾರ. ಪ್ರಯಾಣದ ಆಯಾಸ ಇಳಿಯದೆ ಆಂಡಾಳಿಗೆ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಆದರೂ ಬಂದಿದ್ದಳು. ಚಾಮರಾಜಪೇಟೆಯಲ್ಲಿ ಹಾಸಿಗೆ ಹಿಡಿದಿರುವ ಕಮಲಮ್ಮನವರ ಮನೆಯ ಗೇಟಿನ ಮುಂದೆ ಶೀನಣ್ಣ ಅವಳನ್ನು ತಡೆದು ನಿಲ್ಲಿಸಿದರು. ಇವತ್ತು ಕಮಲಮ್ಮನವರನ್ನು ತಾವೇ ಕೇಳುವುದಾಗಿ ಹೇಳಿದರು. ಏನನ್ನು ಎಂದು ಅವಳು ಹುಬ್ಬೇರಿಸಿದಾಗ, ಅದನ್ನೇ ಎಂದರು. ಆಮೇಲೆ, ಬಾಯಿಗೆ ಅಭ್ಯಾಸವಿಲ್ಲ, ಒಂದು ಸಲ ನಿಮ್ಮ ಮೇಲೆ ಪ್ರಯೋಗ ಮಾಡಿ ನೋಡಲೇ ಎಂದು ಕೇಳಿದರು. ಆಂಡಾಳ್ ನಗುತ್ತ ಗೇಟಿನ ಚಿಲಕಕ್ಕೆ ಕೈ ಹಾಕಿದಳು.

ಶೀನಣ್ಣ ಖ್ರೋನಿಂಗನ್ ಎನ್ನುವಾಗಿನಂತೆ ಗಂಟಲು ಕೆರೆದುಕೊಂಡರು.

“ಆಂಡಾಳ್ ಅವ್ರೇ, ಮೋಷನ್ ಆಯ್ತಾ?”

“ಆಯ್ತು,” ಎಂದಳು ಆಂಡಾಳ್, ಚಿಲಕ ಎತ್ತುತ್ತ.

ಶೀನಣ್ಣ ಕದಲಲಿಲ್ಲ. ಬ್ಯಾಂಕಿನಲ್ಲಿ ಸಹಿ ಹೋಲಿಸಿ ನೋಡುತ್ತಿದ್ದ ಕಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದರು.

“ಯಾವತ್ತು ಆಗಿದ್ದು?”

ಆಂಡಾಳಳ ಕೈ ಚಿಲಕದ ಮೇಲೆ ನಿಂತಿತು. ಯಾವತ್ತು? ಬೆಂಗಳೂರಿಗೆ ಬಂದಿಳಿದ ಮೇಲೆ ಆಗಿರಲೇ ಇಲ್ಲ. ಶೀನಣ್ಣ ಅವಳಿಗೆ ಹೊರಗಿನವರಲ್ಲ. ತುಂಬಿದ ಸಭೆಯಲ್ಲಿ ಅವರ ಬಾಯಿ ಬಿಡಿಸಿದವಳೇ ಅವಳು, ಅವರ ಮುಂದೆ ನಾಚಿಕೊಳ್ಳಲು ಇನ್ನೇನು ಉಳಿದಿತ್ತು. ಬಚ್ಚಿಡಬೇಕೆಂದು ಅಂದುಕೊಂಡೂ ಇರಲಿಲ್ಲ. ಅಂದುಕೊಳ್ಳುವ ಮೊದಲೇ ನಾಲಿಗೆ ಹೇಳಿ ಮುಗಿಸಿತ್ತು. ಆಯ್ತಾ ಅಂದರು, ಆಯ್ತು ಅಂದಳು.

ಅಮ್ಮನೂ ಹೀಗೇ ಅಂದಿದ್ದಳು. ಶಾಲೆಗೆ ಹೊರಟ ಮಗಳು ಬಾಗಿಲಲ್ಲಿ ನಿಂತು ಆಯ್ತಾ ಅಂದಳು, ಅಮ್ಮ ಆಯ್ತು ಅಂದಳು. ಅದರಲ್ಲಿ ಮಗಳ ಮೇಲೆ ಅಪನಂಬಿಕೆ ಇರಲಿಲ್ಲ, ಮಗಳನ್ನು ಹೊರಗಿಟ್ಟದ್ದೂ ಇರಲಿಲ್ಲ. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ್ದು ಇಷ್ಟೇ ಆಗಿತ್ತು. ಆಂಡಾಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ತಾವು ಕೇಳಿದ್ದರಲ್ಲಿ ಏನೋ ತಪ್ಪಾಯಿತೆಂದು ಶೀನಣ್ಣ ಗಾಬರಿಯಾಗಿ, ಇಲ್ಲಿಗೆ ಬಿಡೋಣ ಎನ್ನತೊಡಗಿದರು. ಒಳಗಿನಿಂದ ಕಮಲಮ್ಮನವರು ಮೋಷನ್‌ನೋರು ಬಂದ್ರು ನೋಡು ಎಂದು ಸೊಸೆಯನ್ನು ಕೂಗಿದರು.

“ತಪ್ಪಾಗಿಲ್ಲ ಶೀನಣ್ಣ, ಸರಿಯಾಗೇ ಕೇಳಿದ್ರಿ,” ಎಂದಳು ಆಂಡಾಳ್ ಕಣ್ಣು ಒರೆಸಿಕೊಳ್ಳುತ್ತ. “ಅಲ್ಲಿ ವಿಮಾನ ಹತ್ತೋಕೆ ಮುಂಚೆ. ಆಮೇಲಿಂದ ಆಗಿಲ್ಲ.”